ಮನೆಯಂಗಳದಲ್ಲೇ ಬೈಕಿನ ಆಯಿಲ್ ಬದಲಾಯಿಸುವುದು: ಕೈ ಸುಡದೆ, ಬಾವಿ ಕೆಡದೆ

ಅಕ್ಟೋಬರ್‌ನಲ್ಲಿ ಮಳೆ ಸ್ವಲ್ಪ ಬಿಟ್ಟ ಕೂಡಲೇ ಬೈಕಿನ ಆಯಿಲ್ ಮುಚ್ಚಳ ತೆಗೆದು ಅದರ ಒಳಭಾಗ ನೋಡಿ. ಕೆನೆ ಬಣ್ಣದ ಅಂಟು ನೊರೆ ಹಿಡಿದಿದ್ದರೆ ಆಯಿಲ್‌ಗೆ ನೀರು ಸೇರಿದೆ ಎಂದರ್ಥ. ಮಳೆ ನೀರೇ ನುಗ್ಗಿರಬೇಕೆಂದಿಲ್ಲ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್ ಇರುವ ಕಡೆಗೆ ಇಳಿಯುತ್ತದೆ. ದೂರ ಓಡಿದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಆ ನೀರು ಮತ್ತೆ ಆವಿಯಾಗಿ ಹೊರಗೆ ಹೋಗುತ್ತದೆ. ಆದರೆ ನನ್ನ ಹಾಗೆ ಉಡುಪಿಯ ಸಂತೆಕಟ್ಟೆಯಿಂದ ಕಲ್ಸಂಕಕ್ಕೆ, ಅಲ್ಲಿಂದ ವಾಪಸು, ಭಾನುವಾರ ಮಲ್ಪೆಗೆ ಮೀನಿಗೆ ಅಂತ ನಾಲ್ಕೈದು, ಹೆಚ್ಚೆಂದರೆ ಏಳೆಂಟು ಕಿಲೋಮೀಟರ್‌ಗಳ ಓಡಾಟ ಮಾತ್ರ ಇದ್ದರೆ, ಎಂಜಿನ್ ಬಿಸಿಯಾಗುವ ಹೊತ್ತಿಗೆ ನಾವು ಕೀ ತಿರುಗಿಸಿ ಇಳಿದಾಗಿರುತ್ತದೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಬೇರೆ. ಆ ನೀರು ಒಳಗೇ ಉಳಿದು ಆಯಿಲ್ ಕೆಡಿಸುತ್ತದೆ.

ಹಾಗಾಗಿ ಕಿಲೋಮೀಟರ್ ಇನ್ನೂ ಆಗಲಿಲ್ಲ ಅಂತ ಕಾಯಬೇಡಿ. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಅಂತ ಬರೆದಿರುತ್ತದೆ, ಅದನ್ನೇ ನಂಬಿ. ಆದರೆ ಓಡಾಟ ಎಷ್ಟೇ ಕಡಿಮೆ ಇದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ, ಅದನ್ನೂ ಮಳೆಗಾಲ ಮುಗಿದ ಮೇಲೆ ಮಾಡಿ. ಜೂನ್‌ಗೆ ಮುಂಚೆ ಹೊಸ ಆಯಿಲ್ ಹಾಕಿ ನಾಲ್ಕು ತಿಂಗಳು ಅದಕ್ಕೆ ತೇವ ಕುಡಿಸುವುದು ನನಗೆ ಸರಿ ಕಾಣುವುದಿಲ್ಲ.

ನಾನು ಇದನ್ನು ಮನೆಯಲ್ಲೇ ಮಾಡಲು ಶುರು ಮಾಡಿ ಹತ್ತು ವರ್ಷದ ಮೇಲಾಯಿತು. ಅರ್ಧ ಗಂಟೆಯ ಕೆಲಸ. ಎರಡು ಸಲ ಮಾತ್ರ ಎಡವಟ್ಟಾಗಿದೆ: ಒಮ್ಮೆ ಮಣಿಕಟ್ಟು ಸುಟ್ಟುಕೊಂಡೆ, ಒಮ್ಮೆ ಎಂಜಿನ್‌ನ ಥ್ರೆಡ್, ಅಂದರೆ ಬೋಲ್ಟ್ ಕೂರುವ ತೂತಿನೊಳಗಿನ ಸುರುಳಿ ಗೆರೆ, ಹಾಳು ಮಾಡಿದೆ. ಎರಡೂ ಅವಸರದಿಂದಲೇ ಆದದ್ದು. ಅದಕ್ಕೇ ಎಲ್ಲಿ ಅವಸರ ಮಾಡಬಾರದು ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆಯುತ್ತಿದ್ದೇನೆ.

ಮೊದಲು ಆಯಿಲ್ ವಿಷಯ. ಕಾರಿಗೆ ತಂದು ಉಳಿದ ಆಯಿಲ್ ಉಂಟು, ಅದನ್ನೇ ಹಾಕಿದರೆ ಆಯ್ತಲ್ವಾ ಅಂತ ಕೇಳುವವರು ತುಂಬ ಜನ. ಹಾಕಬೇಡಿ. ಗೇರ್ ಬೈಕಿನಲ್ಲಿ ಕ್ಲಚ್ ಪ್ಲೇಟ್‌ಗಳೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಇರುತ್ತದೆ, ಅದರಿಂದ ಕ್ಲಚ್ ಜಾರಲು ಶುರುವಾಗುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಎಂಜಿನ್ ಕೂಗುತ್ತದೆ, ಬೈಕ್ ಮಾತ್ರ ಏರುವುದಿಲ್ಲ. ಡಬ್ಬದ ಹಿಂಭಾಗದಲ್ಲಿ 'ಜಾಸೊ ಎಂಎ' ಅಥವಾ 'ಜಾಸೊ ಎಂಎ2' (ಜಾಸೊ ಅಂದರೆ ಜಪಾನಿನ ವಾಹನ ಗುಣಮಟ್ಟದ ಗುರುತು) ಅಂತ ಇದ್ದರೆ ಗೇರ್ ಬೈಕಿಗೆ ಸರಿ. 'ಎಂಬಿ' ಅಂತ ಇದ್ದರೆ ಅದು ಆಕ್ಟಿವಾದಂಥ ಗೇರಿಲ್ಲದ ಸ್ಕೂಟರ್‌ಗೆ, ಅವುಗಳ ಕ್ಲಚ್ ಆಯಿಲ್‌ನಲ್ಲಿ ಇರುವುದಿಲ್ಲ. ಇನ್ನು 10ಡಬ್ಲ್ಯೂ-30, 20ಡಬ್ಲ್ಯೂ-50 ಅಂತೆಲ್ಲ ಇರುವುದು ಆಯಿಲ್ ಎಷ್ಟು ದಪ್ಪ ಅಂತ ಹೇಳುವ ಲೆಕ್ಕ. ಮೊದಲನೆಯದು ತಣ್ಣಗಿರುವಾಗಿನದ್ದು, ಎರಡನೆಯದು ಬಿಸಿಯಾದಾಗಿನದ್ದು. ನಮ್ಮ ಕಡೆ ಸೆಕೆ ಜಾಸ್ತಿ, ದಪ್ಪ ಆಯಿಲೇ ಒಳ್ಳೆಯದು ಅಂತ ಅಂಗಡಿಯವರು ಹೇಳಿದರೂ ಪುಸ್ತಕದಲ್ಲಿ ಇರುವ ಗ್ರೇಡ್ ಬಿಟ್ಟು ಬೇರೆ ತರಬೇಡಿ.

ಎಷ್ಟು ಬೇಕು ಅಂತಲೂ ಪುಸ್ತಕದಲ್ಲಿ ಇರುತ್ತದೆ, ಕೆಲವು ಬೈಕಿನಲ್ಲಿ ಎಂಜಿನ್ ಮೇಲೇ ಬರೆದಿರುತ್ತಾರೆ. 100–110 ಸಿಸಿ ಬೈಕಿಗೆ 1 ಲೀಟರಿನೊಳಗೆ ಸಾಕು, 150 ಸಿಸಿಗೆ 1 ಲೀಟರ್ ಅಥವಾ ಸ್ವಲ್ಪ ಮೇಲೆ, 350ರ ಬುಲೆಟ್‌ಗೆ 2 ಲೀಟರ್ ಹತ್ತಿರ. ಬರೀ ಆಯಿಲ್ ಬದಲಾಯಿಸಿದರೆ ಒಂದು ಅಳತೆ, ಫಿಲ್ಟರ್ ಕೂಡ ತೆಗೆದರೆ ಇನ್ನೊಂದು ಅಳತೆ ಕೊಟ್ಟಿರುತ್ತಾರೆ, ಗಮನಿಸಿ. ನಕಲಿ ಆಯಿಲ್ ಮಾರುವವರೂ ಇದ್ದಾರೆ. ಶೋರೂಮ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಬಿಲ್ ತೆಗೆದುಕೊಂಡು ಖರೀದಿಸಿ, ಮುಚ್ಚಳದ ಸೀಲ್ ನೋಡಿ.

ಆಯಿಲ್ ಜೊತೆಗೆ ಡ್ರೈನ್ ಬೋಲ್ಟ್‌ನ (ಹಳೆಯ ಆಯಿಲ್ ಇಳಿಸಲು ಎಂಜಿನ್ ತಳದಲ್ಲಿರುವ ಬೋಲ್ಟ್) ವಾಷರ್ ಒಂದು ತನ್ನಿ. ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಸಣ್ಣ ಬಳೆ, ಬೆಲೆ ಏನೂ ದೊಡ್ಡದಲ್ಲ. ಬೋಲ್ಟ್‌ಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ಹಳೆಯ ಬೇಸಿನ್, ಆಲಿಕೆ, ಅಳತೆಯ ಗೆರೆ ಇರುವ ಪಾತ್ರೆ, ಬಟ್ಟೆ ತುಂಡುಗಳು, ನೈಟ್ರೈಲ್ ಕೈಗವಸು. ಅಡುಗೆಮನೆಯ ಪಾತ್ರೆ ತರಬೇಡಿ. ಒಮ್ಮೆ ಆಯಿಲ್ ತಾಗಿದ ಪಾತ್ರೆ ಮತ್ತೆ ಊಟ ತಿಂಡಿಯ ಕೆಲಸಕ್ಕೆ ಬೇಡ.

ಕೈಗವಸು ಯಾಕೆ ಅಂತ ನಮ್ಮ ಹುಡುಗರು ಕೇಳುತ್ತಾರೆ, ಗ್ಯಾರೇಜಿನವರು ಬರಿಗೈಯಲ್ಲೇ ಮಾಡುತ್ತಾರಲ್ಲ ಅಂತ. ಬಳಸಿದ ಆಯಿಲ್ ಹೊಸ ಆಯಿಲ್‌ನಂತೆ ಅಲ್ಲ. ಎಂಜಿನ್ ಒಳಗೆ ಉರಿದ ಮಸಿ, ಸವೆದ ಲೋಹದ ಕಣ, ಕ್ಯಾನ್ಸರ್ ತರಬಲ್ಲ ರಾಸಾಯನಿಕ ಎಲ್ಲ ಅದಕ್ಕೆ ಸೇರಿರುತ್ತವೆ. ವರ್ಷಗಟ್ಟಲೆ ಮತ್ತೆ ಮತ್ತೆ ಚರ್ಮಕ್ಕೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರಿನ ಅಪಾಯ ಇದೆ. ದಿನಾ ಅದೇ ಕೆಲಸ ಮಾಡುವ ಗ್ಯಾರೇಜಿನ ಹುಡುಗರಿಗೇ ನಿಜವಾಗಿ ಕೈಗವಸು ಮೊದಲು ಬೇಕು. ನಿಮ್ಮ ಪರಿಚಯದ ಮೆಕ್ಯಾನಿಕ್‌ಗೂ ಒಂದು ಪೆಟ್ಟಿಗೆ ಕೊಡಿಸಿ.

ಜಾಗ ಸಮತಟ್ಟಾಗಿರಲಿ. ಬಾವಿಕಟ್ಟೆಯಿಂದ, ಮಳೆನೀರು ಹರಿಯುವ ತೋಡಿನಿಂದ ದೂರ ಇರಲಿ. ಡಬಲ್ ಸ್ಟ್ಯಾಂಡ್ ಹಾಕಿ, ಅಲುಗಾಡಿಸಿ ನೋಡಿ. ಡಬಲ್ ಸ್ಟ್ಯಾಂಡ್ ಇಲ್ಲದ ಬೈಕಾದರೆ ಬೈಕ್ ಹಿಡಿಯಲು ಒಬ್ಬರು ಬೇಕೇ ಬೇಕು, ಅಥವಾ ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಾಕ್ ಸ್ಟ್ಯಾಂಡ್. ಇಟ್ಟಿಗೆ, ಕಲ್ಲು ಇಟ್ಟು ಎತ್ತಿ ಕೆಳಗೆ ಕೈ ಹಾಕಬೇಡಿ. ನೆಲಕ್ಕೆ ಹಳೆಯ ರಟ್ಟು, ಅದರ ಮೇಲೆ ಮರದ ಹುಡಿ ಹಾಕಿದ ಗೋಣಿ ಹಾಸಿ. ಇಂಟರ್‌ಲಾಕ್ ಅಂಗಳದಲ್ಲಿ ಆಯಿಲ್ ಬಿದ್ದರೆ ಮುಂದಿನ ಮಳೆಗೆ ಅದರ ಮೇಲೆ ಕಾಲಿಟ್ಟವರು ಜಾರಿ ಬೀಳುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮರೆಯಲೇಬೇಡಿ. ಸಣ್ಣ ಮಕ್ಕಳನ್ನೂ ಆ ಅರ್ಧ ಗಂಟೆ ಒಳಗೇ ಇರಿಸಿ.

ಮಳೆ ಬರುತ್ತಿದೆ ಅಂತ ಶೆಡ್‌ನ ಶಟರ್ ಎಳೆದುಕೊಂಡು ಒಳಗೆ ಎಂಜಿನ್ ಚಾಲೂ ಮಾಡುವುದು ಮಾತ್ರ ಯಾವತ್ತೂ ಬೇಡ ಮಾರಾಯ್ರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಎದ್ದು ಬಾಗಿಲು ತೆಗೆಯುವ ಶಕ್ತಿಯೇ ಉಳಿಯದೆ ಹೋಗಬಹುದು. ಮಳೆ ಇದ್ದರೆ ಇನ್ನೊಂದು ದಿನ ಮಾಡಿ.

ಈಗ ಬಿಸಿಯ ವಿಷಯ. ತಣ್ಣಗಿನ ಆಯಿಲ್ ದಪ್ಪ, ಪೂರ್ತಿ ಇಳಿಯುವುದಿಲ್ಲ, ಕೆಸರು ತಳದಲ್ಲೇ ಉಳಿಯುತ್ತದೆ. ಮಂಗಳೂರಿನಿಂದ ಹೆದ್ದಾರಿಯಲ್ಲಿ ಒಂದೇ ಉಸಿರಿಗೆ ಬಂದು ನಿಲ್ಲಿಸಿದ ಬೈಕಿನ ಆಯಿಲ್ ಕೈ ಸುಡುತ್ತದೆ. ಇವೆರಡರ ನಡುವೆ ಇರಬೇಕು. ಎಂಜಿನ್ ಅನ್ನು ಮೂರು ನಾಲ್ಕು ನಿಮಿಷ ಚಾಲೂ ಇಟ್ಟು, ಆಫ್ ಮಾಡಿ, ಐದು ನಿಮಿಷ ಬಿಡಿ. ಎಂಜಿನ್‌ನ ಬದಿಗೆ ಅಂಗೈ ಇಟ್ಟರೆ ಬೆಚ್ಚಗೆ ಅನ್ನಿಸಬೇಕು, ಕೈ ಹಿಂದೆ ಎಳೆಯುವಷ್ಟು ಬಿಸಿ ಇರಬಾರದು. ನಾನು ಸುಟ್ಟುಕೊಂಡದ್ದು ಆಯಿಲ್‌ನಿಂದ ಅಲ್ಲ, ಸೈಲೆನ್ಸರ್ ಪೈಪ್‌ನಿಂದ. ಅದು ಎಂಜಿನ್‌ಗಿಂತ ಬೇಗ ಬಿಸಿಯಾಗುತ್ತದೆ, ಡ್ರೈನ್ ಬೋಲ್ಟ್‌ನ ಹತ್ತಿರವೇ ಹಾದುಹೋಗುತ್ತದೆ. ಸ್ಪ್ಯಾನರ್ ಜಾರಿದರೆ ಕೈ ಸೀದಾ ಅದಕ್ಕೇ. ಉದ್ದ ತೋಳಿನ ಅಂಗಿ ಹಾಕಿ, ಕೈಯಲ್ಲಿರುವ ಉಂಗುರ, ಬಳೆ ತೆಗೆದಿಡಿ. ಸುಟ್ಟರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಏನೂ ಬೇಡ. ದೊಡ್ಡ ಗುಳ್ಳೆ ಬಂದರೆ ಡಾಕ್ಟರರಿಗೆ ತೋರಿಸಿ.

ಬೋಲ್ಟ್ ಬಿಚ್ಚುವ ಮುಂಚೆ ಮೇಲಿನ ಆಯಿಲ್ ಮುಚ್ಚಳ ತೆಗೆಯಿರಿ. ಆಯಿಲ್ ಸಲೀಸಾಗಿ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮುಚ್ಚಳವೇ ಜಾಮ್ ಆಗಿದ್ದರೆ ಹಳೆಯ ಆಯಿಲ್ ಖಾಲಿ ಮಾಡಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುವುದು ತಪ್ಪುತ್ತದೆ.

ಯಾವ ಬೋಲ್ಟ್ ಅನ್ನುವುದನ್ನು ಎರಡು ಸಲ ನೋಡಿ. ಸ್ಪ್ಲೆಂಡರ್ ತರಹದ ಎಂಜಿನ್‌ನಲ್ಲಿ ಡ್ರೈನ್ ಬೋಲ್ಟ್‌ನ ಆಸುಪಾಸಿನಲ್ಲೇ ಟೈಮಿಂಗ್ ಚೈನ್ ಟೆನ್ಶನರ್‌ನ (ಎಂಜಿನ್ ಒಳಗಿನ ಚೈನನ್ನು ಬಿಗಿಯಾಗಿಡುವ ಭಾಗ) ಬೋಲ್ಟ್ ಕೂಡ ಇದೆ. ಅದನ್ನು ಬಿಚ್ಚಿದರೆ ಒಳಗಿನ ಸ್ಪ್ರಿಂಗ್ ಕೆಳಗೆ ಬಂದು ಬೇರೆಯೇ ಮಂಡೆಬಿಸಿ ಶುರುವಾಗುತ್ತದೆ. ಸ್ಕೂಟರ್‌ಗಳಲ್ಲಿ ಹಿಂದಿನ ಚಕ್ರದ ಹತ್ತಿರ ಗೇರ್ ಆಯಿಲ್‌ಗೆ ಬೇರೆ ಬೋಲ್ಟ್ ಇರುತ್ತದೆ. ಅದನ್ನು ಎಂಜಿನ್ ಆಯಿಲ್‌ನದ್ದು ಅಂದುಕೊಂಡು ಬಿಚ್ಚಿ, ಗೇರ್ ಆಯಿಲ್ ಖಾಲಿ ಮಾಡಿ, ಎಂಜಿನ್‌ಗೆ ಇನ್ನೊಂದು ಡಬ್ಬ ಸುರಿದು ಓಡಿಸಿದವರಿದ್ದಾರೆ. ಸಂಶಯ ಬಂದರೆ ಪುಸ್ತಕದ ಚಿತ್ರ ನೋಡುವ ತನಕ ಸ್ಪ್ಯಾನರ್ ಹಾಕಬೇಡಿ.

ಬೇಸಿನ್ ಇಟ್ಟು, ರಿಂಗ್ ಸ್ಪ್ಯಾನರ್ ಪೂರ್ತಿ ಕೂರಿಸಿ, ಕೆಳಗಿನಿಂದ ನೋಡುವಾಗ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿ. ಮೇಲಿನಿಂದ ಬಗ್ಗಿ ಕೈ ಹಾಕುವಾಗ ದಿಕ್ಕು ತಲೆಕೆಳಗಾದಂತೆ ಕಾಣುತ್ತದೆ, ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುವುದು ಇಲ್ಲೇ. ಸಡಿಲವಾದ ಮೇಲೆ ಕೈಯಿಂದ ತಿರುಗಿಸಿ. ಕೊನೆಯ ಸುತ್ತಿನಲ್ಲಿ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡೇ ತಿರುಗಿಸಿ, ಬಿಟ್ಟಿತು ಅನ್ನಿಸಿದ ಕೂಡಲೇ ಪಕ್ಕಕ್ಕೆ ಎಳೆದುಬಿಡಿ. ಆಯಿಲ್ ಮೊದಲು ಸ್ವಲ್ಪ ಮುಂದಕ್ಕೆ ಚಿಮ್ಮುತ್ತದೆ, ಬೇಸಿನ್ ಆ ಅಂದಾಜಿನಲ್ಲೇ ಇಡಿ. ಆಮೇಲೆ ಹತ್ತು ನಿಮಿಷ ಹಾಗೇ ಇಳಿಯಲು ಬಿಡಿ.

ಆ ಹತ್ತು ನಿಮಿಷದಲ್ಲಿ ಹಳೆಯ ಆಯಿಲ್ ನೋಡಿ. ಕಪ್ಪಾಗಿದ್ದರೆ ಹೆದರಬೇಡಿ, ಮಸಿ ಹೊತ್ತು ತರುವುದೇ ಅದರ ಕೆಲಸ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಜಾಸ್ತಿಯಾಗಿದೆ. ಬೆರಳಿನ ನಡುವೆ ತಿಕ್ಕಿದಾಗ, ಕೈಗವಸು ಹಾಕಿಕೊಂಡೇ ಮತ್ತೆ, ಮಿನುಗುವ ಸಣ್ಣ ಹುಡಿ ಸ್ವಲ್ಪ ಕಂಡರೆ ಸಾಮಾನ್ಯ. ಚೂರುಗಳೇ ಸಿಕ್ಕಿದರೆ ಒಳಗೆ ಏನೋ ಸವೆಯುತ್ತಿದೆ, ಮೆಕ್ಯಾನಿಕ್ ನೋಡಲೇಬೇಕು.

ಫಿಲ್ಟರ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಪಲ್ಸರ್, ಎಫ್‌ಝಡ್, ಬುಲೆಟ್ ಮುಂತಾದವಕ್ಕೆ ಬದಲಾಯಿಸುವ ಫಿಲ್ಟರ್ ಇದೆ. ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಯಾವ ಮುಖ ಒಳಗೆ ಇತ್ತೋ ಹೊಸದರದ್ದೂ ಅದೇ ಮುಖ ಒಳಗೆ ಹೋಗಬೇಕು. ಉಲ್ಟಾ ಹಾಕಿದರೆ ಆಯಿಲ್ ದಾರಿ ಮುಚ್ಚಿ ಎಂಜಿನ್ ಹಾಳಾಗುತ್ತದೆ. ರಬ್ಬರ್ ರಿಂಗ್‌ಗೆ ಸ್ವಲ್ಪ ಹೊಸ ಆಯಿಲ್ ಸವರಿ ಕೂರಿಸಿ. ಸ್ಪ್ಲೆಂಡರ್‌ನಂಥ ಬೈಕಿನಲ್ಲಿ ಆಯಿಲ್ ಸೋಸುವ ಭಾಗ ಕ್ಲಚ್ ಕವರ್ ಒಳಗಿದೆ, ಅದನ್ನು ಸರ್ವಿಸ್‌ಗೆ ಬಿಟ್ಟಾಗ ಸ್ವಚ್ಛ ಮಾಡಿಸಿದರೆ ಸಾಕು.

ಬೋಲ್ಟ್ ವಾಪಸು ಹಾಕುವುದೇ ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದದ್ದು. ಬೋಲ್ಟ್ ಉಕ್ಕಿನದ್ದು, ಎಂಜಿನ್‌ನ ಹೊಟ್ಟೆ ಅಲ್ಯೂಮಿನಿಯಂನದ್ದು. ಜೋರು ಮಾಡಿದರೆ ಸೋಲುವುದು ಅಲ್ಯೂಮಿನಿಯಂ. ನಾನು ಮಾಡಿದ ತಪ್ಪು ಅದೇ. ಹಳೆಯ ವಾಷರನ್ನೇ ಹಾಕಿದೆ, ಮರುದಿನ ಒಂದೊಂದೇ ಹನಿ ಒಸರುತ್ತಿತ್ತು, ಸರಿ ಇನ್ನೂ ಸ್ವಲ್ಪ ಬಿಗಿ ಮಾಡೋಣ ಅಂತ ಉದ್ದ ಹಿಡಿಯ ಸ್ಪ್ಯಾನರ್ ತಂದು ಎಳೆದೆ. ಬಿಗಿಯಾಗುತ್ತಾ ಬಂದದ್ದು ಇದ್ದಕ್ಕಿದ್ದ ಹಾಗೆ ಸಡಿಲವಾಯಿತು. ಆ ಸಡಿಲ ಕೈಗೆ ಗೊತ್ತಾದ ಕ್ಷಣ ಈಗಲೂ ನೆನಪಿದೆ, ಹೊಟ್ಟೆಯೊಳಗೆ ತಣ್ಣಗಾಯಿತು. ಥ್ರೆಡ್ ಪೂರ್ತಿ ಹೋಗಿತ್ತು. ಬೈಕನ್ನು ಆಟೋ ಟೆಂಪೋದಲ್ಲಿ ಹಾಕಿಸಿಕೊಂಡು ಹೋಗಿ, ಲೇತ್ ಕೆಲಸದವರಿಂದ ತೂತು ದೊಡ್ಡದು ಮಾಡಿಸಿ ಹೊಸ ಥ್ರೆಡ್ ಕೂರಿಸಬೇಕಾಯಿತು. ಹತ್ತು ರೂಪಾಯಿಯ ವಾಷರ್ ಹಾಕಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಹಾಗಾಗಿ ಹೀಗೆ ಮಾಡಿ. ತೂತಿನ ಬಾಯಿ, ಬೋಲ್ಟ್ ಎರಡನ್ನೂ ಒರೆಸಿ. ಹಳೆಯ ವಾಷರ್ ಎಂಜಿನ್‌ಗೇ ಅಂಟಿಕೊಂಡಿದೆಯಾ ನೋಡಿ, ಒಂದರ ಮೇಲೊಂದು ಎರಡು ವಾಷರ್ ಬೀಳಬಾರದು. ಹೊಸದು ಹಾಕಿ ಬೋಲ್ಟನ್ನು ಬರೀ ಬೆರಳಿನಿಂದ ಕೊನೆಯ ತನಕ ತಿರುಗಿಸಿ. ಬೆರಳಿಗೆ ತಿರುಗುವುದಿಲ್ಲ, ಮೊದಲ ಸುತ್ತಿಗೇ ಸಿಕ್ಕಿಕೊಳ್ಳುತ್ತದೆ ಅಂದರೆ ಓರೆಯಾಗಿ ಹೋಗುತ್ತಿದೆ, ತೆಗೆದು ಮತ್ತೆ ಹಾಕಿ. ಕೂತ ಮೇಲೆ ಗಿಡ್ಡ ಹಿಡಿಯ ಸ್ಪ್ಯಾನರ್‌ನಿಂದ ಕಾಲು ಸುತ್ತಿನಷ್ಟು. ಎಷ್ಟು ಬಲದಲ್ಲಿ ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಸಿಕ್ಕಿದರೆ ಪುಸ್ತಕದಲ್ಲಿರುವ ಅಳತೆಗೆ ಮಾಡಿ, ಸಣ್ಣ ಬೈಕುಗಳಿಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ನಿಮ್ಮ ಅಂದಾಜಿಗಿಂತ ಅದು ಕಡಿಮೆಯೇ ಅನ್ನಿಸುತ್ತದೆ ನೋಡಿ.

ಹೊಸ ಆಯಿಲನ್ನು ಡಬ್ಬದಿಂದ ಸೀದಾ ಸುರಿಯಬೇಡಿ, ಅಳೆದು ಹಾಕಿ. ಹೇಳಿದ್ದಕ್ಕಿಂತ ನೂರು ಮಿಲಿ ಕಡಿಮೆ ಹಾಕಿ ನಿಲ್ಲಿಸಿ. ಮುಚ್ಚಳ ಹಾಕಿ ಎಂಜಿನ್ ಎರಡು ಮೂರು ನಿಮಿಷ ಚಾಲೂ ಇಟ್ಟು, ಆಫ್ ಮಾಡಿ, ಮತ್ತೆ ಮೂರು ನಿಮಿಷ ಕಾದು ಮಟ್ಟ ನೋಡಿ. ಆಯಿಲ್ ಮುಚ್ಚಳಕ್ಕೇ ಅಳತೆಯ ಕಡ್ಡಿ ಇರುವ ಹೀರೊ, ಹೋಂಡಾ ಬೈಕಿನಲ್ಲಿ ಕಡ್ಡಿಯನ್ನು ಒರೆಸಿ, ತಿರುಚದೆ ಸುಮ್ನೆ ತೂತಿನ ಮೇಲೆ ಕೂರಿಸಿ ತೆಗೆದು ನೋಡುವ ಕ್ರಮ. ತಿರುಚಿ ನೋಡಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕಡ್ಡಿಯ ಬದಲು ಮಟ್ಟ ನೋಡಲು ಗಾಜಿನ ಕಿಟಕಿ ಇದ್ದರೆ ಬೈಕ್ ನೆಟ್ಟಗೆ ನಿಂತಿರಬೇಕು. ಮೇಲಿನ ಗೆರೆ ದಾಟಿಸಬೇಡಿ. ಜಾಸ್ತಿಯಾದ ಆಯಿಲ್ ಎಂಜಿನ್‌ನ ಉಸಿರು ಪೈಪ್‌ನಿಂದ (ಬ್ರೀದರ್) ಏರ್ ಫಿಲ್ಟರ್‌ಗೆ ಹೋಗುತ್ತದೆ, ಸೀಲ್‌ಗಳ ಮೇಲೆ ಒತ್ತಡ ಬೀಳುತ್ತದೆ.

ಎಂಜಿನ್ ಚಾಲೂ ಇರುವಾಗಲೇ ಬೋಲ್ಟ್ ಕೆಳಗೆ ಟಾರ್ಚ್ ಬಿಟ್ಟು ಒಸರುತ್ತದೆಯಾ ನೋಡಿ. ಹಿಂದಿನ ಟಯರನ್ನೂ ಸುತ್ತ ನೋಡಿ. ಒಂದು ಹನಿ ಆಯಿಲ್ ತಾಗಿದ್ದರೂ ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ ತೊಳೆದು ಒಣಗಿಸದೆ ಗೇಟ್ ದಾಟಬೇಡಿ. ಬ್ರೇಕ್ ಡಿಸ್ಕ್‌ಗೆ ತಾಗಿದ್ದರೆ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಪ್ಯಾಡ್‌ಗೆ ಆಯಿಲ್ ಹಿಡಿದಿದ್ದರೆ ಪ್ಯಾಡ್ ಬದಲಾಯಿಸುವುದೇ ದಾರಿ.

ನೆರೆಯಲ್ಲಿ ಮುಳುಗಿದ ಬೈಕಿನ ಬಗ್ಗೆಯೂ ಹೇಳಬೇಕು. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ಏರಿದ್ದು ನೆನಪಿರಬಹುದು. ಹಾಗೆ ಎಂಜಿನ್ ಮಟ್ಟದವರೆಗೆ ನೀರಲ್ಲಿ ನಿಂತ ಬೈಕನ್ನು ಓಡುತ್ತದಾ ನೋಡೋಣ ಅಂತ ಸ್ಟಾರ್ಟ್ ಮಾಡಬೇಡಿ, ತಳ್ಳಿ ಕೂಡ ಸ್ಟಾರ್ಟ್ ಮಾಡಬೇಡಿ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿಹೋಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿ, ಏರ್ ಫಿಲ್ಟರ್ ನೋಡಿ, ಆಯಿಲ್ ಇಳಿಸಿ. ಸರಿಯಾದ ಗ್ರೇಡಿನ ಕಡಿಮೆ ಬೆಲೆಯ ಆಯಿಲ್ ಹಾಕಿ ಕೆಲವು ನಿಮಿಷ ಓಡಿಸಿ, ಅದನ್ನೂ ಇಳಿಸಿ. ಚಹಾದ ಬಣ್ಣ ಹೋಗುವ ತನಕ ಹೀಗೇ ಮಾಡಿ, ಆಮೇಲೆ ಒಳ್ಳೆಯ ಆಯಿಲ್.

ಇನ್ನು ಬೇಸಿನ್‌ನಲ್ಲಿರುವ ಕಪ್ಪು ಆಯಿಲ್. ಕಳೆದ ಸಲ ನಾನು ಅದನ್ನು ಕ್ಯಾನ್‌ಗೆ ಸುರಿಯುತ್ತಿದ್ದಾಗ ಪಕ್ಕದ ಮನೆಯ ದೊಡ್ಡಮ್ಮ ಬೇಲಿಯ ಆಚೆಯಿಂದ ಕೇಳಿದರು: "ಅದನ್ನು ನನಗೆ ಕೊಡು ಮಗ, ಹಟ್ಟಿಯ ಕಂಬಕ್ಕೆ ಗೆದ್ದಲು ಹಿಡಿದಿದೆ, ಬಳಿಯಬೇಕು."

"ಬೇಡ ದೊಡ್ಡಮ್ಮ, ದನ ಕಂಬ ನೆಕ್ಕುವುದಿಲ್ಲವಾ? ಮತ್ತೆ ಹಟ್ಟಿಯಿಂದ ನಿಮ್ಮ ಬಾವಿಗೆ ಎಷ್ಟು ದೂರ ಉಂಟು ಹೇಳಿ."

ಅವರು ಒಮ್ಮೆ ಬಾವಿ ಕಡೆ ತಿರುಗಿ ನೋಡಿದರು, ಆಮೇಲೆ ಕೇಳಲಿಲ್ಲ. ಕಂಬಕ್ಕೆ ಗೇರು ಎಣ್ಣೆ ತಂದುಕೊಟ್ಟೆ, ನಮ್ಮ ಹಿರಿಯರು ಮರಕ್ಕೆ ಬಳಿಯುತ್ತಿದ್ದದ್ದು ಅದನ್ನೇ. ಅದೂ ಚರ್ಮ ಸುಡುತ್ತದೆ, ಕೈಗವಸು ಹಾಕಿ ನಾನೇ ಬಳಿದು, ಅದು ಪೂರ್ತಿ ಒಣಗುವ ತನಕ ದನವನ್ನು ಬೇರೆ ಕಡೆ ಕಟ್ಟಲು ಹೇಳಿದೆ.

ನಮ್ಮ ನೆಲ ಕೆಂಪುಕಲ್ಲಿನದ್ದು, ತೂತು ತೂತು. ಮೇಲೆ ಸುರಿದದ್ದು ಕೆಳಗೆ ಇಳಿಯಲು ಜಾಸ್ತಿ ಸಮಯ ಬೇಡ, ಕೆಳಗೆ ಹತ್ತಿಪ್ಪತ್ತು ಅಡಿಯಲ್ಲೇ ನಾವು ಕುಡಿಯುವ ನೀರು. ತೋಡಿಗೆ ಬಿಟ್ಟರೆ ಸ್ವರ್ಣೆಗೋ ನೇತ್ರಾವತಿಗೋ ಹೋಗಿ, ಅಲ್ಲಿಂದ ಸಮುದ್ರ, ಅಲ್ಲಿಂದ ಮೀನು. ತೆಂಗಿನ ಬುಡಕ್ಕೆ ಬೇಡ, ಚೈನ್‌ಗೂ ಬೇಡ, ಅದರಲ್ಲಿರುವ ಲೋಹದ ಹುಡಿ ಚೈನನ್ನೇ ತಿನ್ನುತ್ತದೆ. ಬಚ್ಚಲಿನ ಹಂಡೆಯ ಒಲೆಗೆ ಆಯಿಲ್ ಬಟ್ಟೆ ಹಾಕಿ ಬೆಂಕಿ ಹಿಡಿಸುವವರೂ ಇದ್ದಾರೆ, ಆ ಹೊಗೆ ಮನೆಯವರ ಮೂಗಿಗೇ ಬರುತ್ತದೆ. ಕಾನೂನಿನಲ್ಲೂ, 2016ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ, ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅನುಮತಿ ಪಡೆದ ಘಟಕಗಳಲ್ಲಿ ಅದನ್ನು ಶುದ್ಧ ಮಾಡಿ ಮತ್ತೆ ಆಯಿಲ್ ಆಗಿಸುತ್ತಾರೆ. ಅಲ್ಲಿಗೆ ತಲುಪಬೇಕಾದರೆ ಡ್ರಮ್‌ನಲ್ಲಿ ಸಂಗ್ರಹಿಸಿ ಅಂಥವರಿಗೇ ಕೊಡುವ ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ. ಹೊಸ ಆಯಿಲ್ ತರುವಾಗಲೇ, ಹಳೆಯದನ್ನು ತೆಗೆದುಕೊಳ್ಳುತ್ತೀರಾ, ಆಮೇಲೆ ಎಲ್ಲಿಗೆ ಕಳಿಸುತ್ತೀರಿ ಅಂತ ಕೇಳಿಬಿಡಿ. ಪೆಟ್ರೋಲ್, ನೀರು, ಬ್ರೇಕ್ ಆಯಿಲ್ ಯಾವುದನ್ನೂ ಅದಕ್ಕೆ ಬೆರೆಸಬೇಡಿ, ಬೆರೆಸಿದರೆ ಶುದ್ಧ ಮಾಡುವುದು ಕಷ್ಟ. ಹೊಸ ಆಯಿಲ್‌ನ ಖಾಲಿ ಡಬ್ಬಕ್ಕೇ ತುಂಬಿಸಿ 'ಹಳೆಯ ಆಯಿಲ್' ಅಂತ ದೊಡ್ಡದಾಗಿ ಬರೆಯಿರಿ. ನೀರಿನ ಬಾಟಲಿಯಲ್ಲಿ ಮಾತ್ರ ಇಡಬೇಡಿ, ಮಕ್ಕಳು ಯಾರಾದರೂ ಬಾಯಿಗೆ ಇಟ್ಟಾರು. ಅಲ್ಲಿ ಖಾಲಿ ಮಾಡಿಸಿದ ಮೇಲೆ ಡಬ್ಬಕ್ಕೆ ತೂತು ಹೊಡೆಯಿರಿ, ನಕಲಿ ಆಯಿಲ್ ತುಂಬುವವರ ಕೈಗೆ ಅದು ಸಿಗಬಾರದು.

ಸೀಟಿನ ಅಡಿಯಲ್ಲಿ ಒಂದು ಟೇಪ್ ಅಂಟಿಸಿ ತಾರೀಕು, ಕಿಲೋಮೀಟರ್ ಬರೆದಿಡಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮಟ್ಟ ಇನ್ನೊಮ್ಮೆ ನೋಡಿ. ಹಳೆಯ ಆಯಿಲ್‌ನ ಡಬ್ಬ ಕೊಂಡುಹೋಗುವಾಗ ಹಿಂದಿನ ಸೀಟಿಗೆ ಕಟ್ಟಬೇಡಿ, ಹಂಪ್‌ನಲ್ಲಿ ಮುಚ್ಚಳ ಸಡಿಲವಾದರೆ ಸೋರುವುದು ಹಿಂದಿನ ಟಯರ್‌ಗೇ. ಗಟ್ಟಿ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ಹಿಂದೆ ಕೂತವರ ಕೈಯಲ್ಲಿ ಕೊಡಿ.